ನಾನು ಎಸೆದ ನೇರಳೆ ಮುಚ್ಚಳದ ಟ್ಯೂಬು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ,

ದಾವಣಗೆರೆಯಿಂದ ನಮಸ್ಕಾರ.

ನಾನು ಇಲ್ಲಿನ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ 19 ವರ್ಷದಿಂದ ಟೆಕ್ನಿಷಿಯನ್. ರಕ್ತ ತೆಗೆಯುತ್ತೇನೆ, ಸ್ಲೈಡ್ ಮಾಡುತ್ತೇನೆ, ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ, ರಿಪೋರ್ಟನ್ನು ಡಾಕ್ಟರ ಸಹಿಗೆ ಇಡುತ್ತೇನೆ. ಇಷ್ಟೇ ನನ್ನ ಕೆಲಸ. ಈ ಪತ್ರದಲ್ಲಿ ಯಾವ ಆಸ್ಪತ್ರೆಯ ಮೇಲೂ ದೂರು ಇಲ್ಲ. ದೂರು ಅಂತ ಇದ್ದರೆ ಅದು ನನ್ನ ಮೇಲೇ.

ಮೂರು ವರ್ಷದ ಹಿಂದಿನ ಮಾತು. ಮೆಕ್ಕೆಜೋಳದ ಸುಗ್ಗಿ ಜೋರಾಗಿತ್ತು. ನನ್ನ ತಮ್ಮ ಎಪಿಎಂಸಿಯಲ್ಲಿ ಒಂದು ದಲ್ಲಾಳಿ ಅಂಗಡಿಯ ಗುಮಾಸ್ತ. ವಯಸ್ಸು 34. ವಾರದಿಂದ ಜ್ವರ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಸುಗ್ಗಿ ಮುಗೀಲಿ, ಆಮೇಲೆ ತೋರಿಸ್ತೀನಿ ಅಂತ ದಿನ ತಳ್ಳಿದ್ದ. ನಾನೇ ಬೈದು ಲ್ಯಾಬಿಗೆ ಕರೆಸಿ ರಕ್ತ ತೆಗೆದೆ. ಬಿಳಿ ರಕ್ತಕಣ 86 ಸಾವಿರ ಬಂತು. 11 ಸಾವಿರದ ಒಳಗೆ ಇರಬೇಕಾದದ್ದು. ಪ್ಲೇಟ್‌ಲೆಟ್ ಬರೀ 18 ಸಾವಿರ. ಮೆಷಿನ್ ತಪ್ಪಿರಬಹುದು ಅಂತ ಇನ್ನೊಮ್ಮೆ ಓಡಿಸಿದೆ. ಅದೇ ಬಂತು. ಸ್ಲೈಡ್ ಮಾಡಿ ನೋಡಿದರೆ ತುಂಬಾ ದೊಡ್ಡ ದೊಡ್ಡ ಎಳೆಯ ಕಣಗಳು. ಒಂದೆರಡರ ಒಳಗೆ ಸೂಜಿಯಂಥ ಕೆಂಪು ಕಡ್ಡಿ. ಆವರ್ ರಾಡ್ ಅಂತೀವಿ ಅದಕ್ಕೆ. ಅದು ಕಂಡ ಮೇಲೆ ರಕ್ತ ಕ್ಯಾನ್ಸರ್ ಅನ್ನುವುದರಲ್ಲಿ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಅವನು ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. "ಅಕ್ಕಾ, ಡೆಂಗಿ ಅಲ್ವಲ್ಲ?" ಅಂದ. "ಅಲ್ಲಪ್ಪ" ಅಂದೆ. ಸುಳ್ಳೇನೂ ಹೇಳಲಿಲ್ಲ ಅಲ್ವಾ.

ಅವತ್ತು ರಾತ್ರಿಯೇ ಬೆಂಗಳೂರಿಗೆ ಹೊರಟೆವು. ಹೊರಡುವ ಮುಂಚೆ ದಿನಾ ಮಾಡುವ ಹಾಗೆ ಮೇಜು ಒರೆಸಿದೆ. ಅವತ್ತಿನ ಟ್ಯೂಬುಗಳನ್ನೆಲ್ಲ ಕೆಂಪು ಚೀಲಕ್ಕೆ ಹಾಕಿದೆ. ಅದರಲ್ಲಿ ತಮ್ಮನ ನೇರಳೆ ಮುಚ್ಚಳದ ಟ್ಯೂಬೂ ಇತ್ತು. ಇನ್ನೂ ಎರಡು ಎಂಎಲ್ ರಕ್ತ ಉಳಿದಿತ್ತು ಅದರಲ್ಲಿ. ಸ್ಲೈಡ್ ಮಾತ್ರ ಎಸೆಯಲಿಲ್ಲ. ಯಾಕೋ ಡಬ್ಬಿಯಲ್ಲಿಟ್ಟೆ.

ಆ ಎರಡು ಎಂಎಲ್ ಬಗ್ಗೆಯೇ ಈ ಪತ್ರ.

ಬೆಂಗಳೂರಿನಲ್ಲಿ ಎಎಂಎಲ್ ಅಂದರು. ರಕ್ತ ಕ್ಯಾನ್ಸರಿನಲ್ಲೇ ಅವಸರದ ಜಾತಿ ಅದು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಕ್ರೋಮೋಸೋಮ್ ಪರೀಕ್ಷೆ ನಾರ್ಮಲ್ ಬಂತು. ನಾವೆಲ್ಲ ಉಸಿರು ಬಿಟ್ಟೆವು. ಡಾಕ್ಟರು ಇನ್ನೊಂದು ಚೀಟಿ ಬರೆದರು: ಜೀನ್ ಪ್ಯಾನೆಲ್ (ಹಲವು ಜೀನುಗಳನ್ನು ಒಟ್ಟಿಗೆ ನೋಡುವ ಪರೀಕ್ಷೆ), 28 ಸಾವಿರ ರೂಪಾಯಿ, ಹೊರಗಡೆ ಲ್ಯಾಬಿಗೆ ಕಳಿಸಬೇಕು. ಭಾವ ಕೇಳಿದರು, "ಇದು ಮಾಡಿಸದಿದ್ರೆ ಔಷಧಿ ನಿಲ್ಲುತ್ತಾ?" ಇಲ್ಲ, ಔಷಧಿ ನಾಳೆಯೇ ಶುರು ಅಂದರು. "ಹಂಗಾದ್ರೆ ಆ ದುಡ್ಡು ಔಷಧಿಗೇ ಇರಲಿ, ಹುಷಾರಾದ್ಮೇಲೆ ನೋಡೋಣ." ಮನೆಯಲ್ಲಿ ಈ ವಿಷಯ ಅಷ್ಟೋ ಇಷ್ಟೋ ತಿಳಿದವಳು ನಾನೊಬ್ಬಳೇ. ನಾನೂ ತಲೆ ಆಡಿಸಿದೆ.

ಅವತ್ತು ನನಗೆ ಗೊತ್ತಿಲ್ಲದ ವಿಷಯ ಇದು. ಹುಷಾರಾದ ಮೇಲೆ ಆ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಕೀಮೋ ಕೊಟ್ಟು ಕ್ಯಾನ್ಸರ್ ಕಣಗಳು ಅಡಗಿದ ಮೇಲೆ ಮಜ್ಜೆಯಲ್ಲಿ ಇರುವುದು ಹೆಚ್ಚುಕಮ್ಮಿ ಒಳ್ಳೆಯ ಕಣಗಳೇ. ಕಳ್ಳ ಊರು ಬಿಟ್ಟ ಮೇಲೆ ಮನೆಯವರ ಬೆರಳಚ್ಚು ತೆಗೆದುಕೊಂಡ ಹಾಗೆ. ರೋಗ ಮೈತುಂಬ ಇರುವಾಗ ತೆಗೆದ ರಕ್ತ ಒಂದೇ ಸಲ ಸಿಗುತ್ತದೆ, ಅದೂ ಮೊದಲ ದಿನ. ಇನ್ನೊಮ್ಮೆ ಸಿಗಬೇಕೆಂದರೆ ರೋಗ ವಾಪಸ್ ಬರಬೇಕು.

ಆ ರಕ್ತದಲ್ಲಿ ಏನು ಬರೆದಿರುತ್ತದೆ ಅಂತ ಸ್ವಲ್ಪ ಹೇಳಬೇಕು. ನಿಮ್ಮ ಅಧಿಕಾರಿಗಳಿಗೆ ಗೊತ್ತಿರುತ್ತದೆ. ಆದರೆ ಈ ಪತ್ರ ಓದುವ ನಮ್ಮ ಊರಿನವರಿಗೆ ಗೊತ್ತಿರಲಿಕ್ಕಿಲ್ಲ.

ಎಎಂಎಲ್ ಅನ್ನುವುದು ಒಂದೇ ಹೆಸರು, ಒಳಗೆ ಹತ್ತಾರು ರೋಗ. ಕ್ರೋಮೋಸೋಮ್ ನಾರ್ಮಲ್ ಇದ್ದರೂ ಅದರೊಳಗಿನ ಜೀನುಗಳಲ್ಲಿ ಸಣ್ಣ ಸಣ್ಣ ತಪ್ಪುಗಳಿರುತ್ತವೆ. ಎಫ್‌ಎಲ್‌ಟಿ3 ಅನ್ನುವ ಜೀನ್ ರಕ್ತಕಣ ಬೆಳೆಯಲು ಇರುವ ಸ್ವಿಚ್ಚು. ಅದರ ಒಂದು ತುಣುಕು ಎರಡೆರಡು ಸಲ ಬರೆದುಹೋದರೆ, ಬೋರ್‌ವೆಲ್ಲಿನ ಸ್ಟಾರ್ಟರ್ ಕಚ್ಚಿಕೊಂಡ ಹಾಗೆ, ಸ್ವಿಚ್ ಆಫ್ ಆಗುವುದೇ ಇಲ್ಲ. ಎಎಂಎಲ್ ಆದ ನಾಲ್ವರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಈ ತಪ್ಪು ಇರುತ್ತದೆ. ಇದಿದ್ದರೆ ರೋಗ ಮರಳುವ ಭಯ ಜಾಸ್ತಿ. ಹಾಗಾಗಿ ಮೊದಲ ಸಲ ರೋಗ ಅಡಗಿದಾಗಲೇ ಕಸಿ ಮಾಡಿ, ಅಂದರೆ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ದಾನಿಯಿಂದ ತೆಗೆದು ರೋಗಿಗೆ ಹಾಕಿ, ಅನ್ನುತ್ತಾರೆ. ಎನ್‌ಪಿಎಂ1 ಅನ್ನುವ ಇನ್ನೊಂದು ಜೀನ್ ಮಾತ್ರ ಕೆಟ್ಟಿದ್ದು, ಎಫ್‌ಎಲ್‌ಟಿ3 ಸರಿಯಿದ್ದರೆ ಕಥೆಯೇ ಬೇರೆ. ಕೀಮೋಗೆ ಚೆನ್ನಾಗಿ ಬಗ್ಗಿದರೆ ಅಂಥವರಿಗೆ ತಕ್ಷಣ ಕಸಿಯೇ ಬೇಡ. ಇನ್ನು ಟಿಪಿ53 ಅನ್ನುವ ಜೀನ್ ಕೆಟ್ಟಿದ್ದರೆ ಕಷ್ಟ. ಕಸಿ ಮಾಡಿದರೂ ಎಷ್ಟೋ ಜನರಲ್ಲಿ ರೋಗ ಮರಳುತ್ತದೆ. ಯುರೋಪಿನ ರಕ್ತ ಕ್ಯಾನ್ಸರ್ ತಜ್ಞರ ಕೂಟ ಇಂಥ ಗುರುತುಗಳನ್ನೆಲ್ಲ ಸೇರಿಸಿ ರೋಗಿಗಳನ್ನು ಮೂರು ಗುಂಪು ಮಾಡುತ್ತದೆ. 2022ರಲ್ಲಿ ಆ ಪಟ್ಟಿಯನ್ನು ಹೊಸದಾಗಿ ತಿದ್ದಿತು. ನಮ್ಮ ಬೆಂಗಳೂರಿನ ಡಾಕ್ಟರೂ ಅದನ್ನೇ ನೋಡುತ್ತಾರೆ. ಆದರೆ ಪಟ್ಟಿ ನೋಡಲು ಮೊದಲು ಗುರುತು ಗೊತ್ತಿರಬೇಕಲ್ಲ?

ಒಂದು ಗುರುತು ಎಷ್ಟು ಬದಲಾಯಿಸಬಲ್ಲದು ಅನ್ನುವುದಕ್ಕೆ ಸಿಎಂಎಲ್ ಅನ್ನುವ ಇನ್ನೊಂದು ರಕ್ತ ಕ್ಯಾನ್ಸರನ್ನೇ ನೋಡಿ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಇಬ್ಬರು ಆ ರೋಗಿಗಳ ಕಣದಲ್ಲಿ ಒಂದು ಮೋಟು ಕ್ರೋಮೋಸೋಮ್ ಕಂಡರು. 1973ರಲ್ಲಿ ಜಾನೆಟ್ ರೌಲಿ ಅದು ಎರಡು ಕ್ರೋಮೋಸೋಮುಗಳ ಅದಲುಬದಲು ಅಂತ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಪ್ರೋಟೀನಿಗೇ ಗುರಿಯಿಟ್ಟು ಮಾಡಿದ ಇಮಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಸಿ ಬಿಟ್ಟರೆ ಗತಿಯಿಲ್ಲ ಅನ್ನಿಸಿದ್ದ ರೋಗ ದಿನಕ್ಕೊಂದು ಹೊತ್ತು ಮಾತ್ರೆ ನುಂಗುವ ರೋಗವಾಯಿತು. ನಮ್ಮ ಲ್ಯಾಬಿಗೆ ಮೂರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು, ಹಾಗೇ ಮಂಡಿಪೇಟೆಗೆ ಹೋಗಿ ಸಂತೆ ಮುಗಿಸಿಕೊಂಡು ಹೋಗುವ ಸಿಎಂಎಲ್ ರೋಗಿಗಳು ಇದ್ದಾರೆ.

ತಮ್ಮನ ವಿಷಯಕ್ಕೆ ಬರುತ್ತೇನೆ. ತಿಂಗಳ ಮೇಲೆ ರೋಗ ಅಡಗಿತು. ಕಸಿ ಮಾಡುವುದಾ ಬೇಡವಾ ಅನ್ನುವ ಪ್ರಶ್ನೆ ಬಂತು. ಜೀನ್ ರಿಪೋರ್ಟ್ ಎಲ್ಲಿ ಅಂದರು. ಇಲ್ಲ ಅಂದೆವು. ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ವಯಸ್ಸು ಚಿಕ್ಕದು, ಶುರುವಿನಲ್ಲಿ ಬಿಳಿಕಣ ತುಂಬಾ ಜಾಸ್ತಿ ಇತ್ತು, ಹೊಂದುವ ದಾನಿ ಸಿಕ್ಕರೆ ಮಾಡೋಣ ಅಂದರು. ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ತಲಾ 25 ಪರ್ಸೆಂಟ್. ನಾನು ಹತ್ತಕ್ಕೆ ಹತ್ತು ಹೊಂದಿದೆ. ಹರಿಹರದ ಹತ್ತಿರ ಇದ್ದ ಒಂದು ಎಕರೆ ನಾಲೆ ಗದ್ದೆ ಹೋಯಿತು. ಅದರ ಬಗ್ಗೆ ಬೇಜಾರಿಲ್ಲ. ಯಂತ್ರದ ಪಕ್ಕ ನಾಲ್ಕು ತಾಸು ಕೈಚಾಚಿ ಮಲಗಿದ್ದೆ, ನನ್ನ ಕಾಂಡಕೋಶಗಳು ಒಂದು ಸಣ್ಣ ಚೀಲದಲ್ಲಿ ಸೇರಿದವು. ನೋಡಲು ಟೊಮೆಟೊ ಸಾರಿನ ಬಣ್ಣ.

ಐದು ತಿಂಗಳು ಚೆನ್ನಾಗಿದ್ದ. ದಾವಣಗೆರೆಗೆ ಬಂದು ಅಂಗಡಿಗೂ ಹೋಗಿ ಕೂತ, ಮಾಸ್ಕ್ ಹಾಕಿಕೊಂಡು. ಆರನೇ ತಿಂಗಳು ರಕ್ತ ನೋಡಿದವಳು ನಾನೇ. ಮತ್ತೆ ಅದೇ ಎಳೆಯ ಕಣಗಳು.

ಈ ಸಲ ದುಡ್ಡಿನ ಮುಖ ನೋಡದೆ ಜೀನ್ ಪರೀಕ್ಷೆಗೆ ಕಳಿಸಿದೆವು. ಎಫ್‌ಎಲ್‌ಟಿ3 ಸಿಕ್ಕಿತು. ಕಲಿಯುತ್ತಿದ್ದ ಒಬ್ಬ ಹುಡುಗ ಡಾಕ್ಟರು, "ಇದು ಮೊದಲಿಂದ ಇತ್ತೋ, ಮರಳಿ ಬರುವಾಗ ಸೇರಿಕೊಂಡಿತೋ ಗೊತ್ತಾಗಲ್ಲ, ಮೊದಲ ದಿನದ್ದು ಏನಾದರೂ ಉಳಿದಿದೆಯಾ ಮೇಡಂ?" ಅಂತ ಕೇಳಿದರು. ನನಗೆ ಡಬ್ಬಿಯಲ್ಲಿದ್ದ ಸ್ಲೈಡ್ ನೆನಪಾಯಿತು. ಬಣ್ಣ ಹಾಕಿದ ಹಳೆಯ ಸ್ಲೈಡಿನಿಂದಲೂ ಕೆರೆದು ಡಿಎನ್‌ಎ ತೆಗೆಯಬಹುದು ಅಂತ ನನಗೆ ಗೊತ್ತಾಗಿದ್ದು ಅವತ್ತೇ. ರಾತ್ರಿ ಬಸ್ಸಿಗೆ ಬಂದು, ಬೆಳಿಗ್ಗೆ ಡಬ್ಬಿ ತೆಗೆದುಕೊಂಡು, ಮತ್ತೆ ಬಸ್ ಹತ್ತಿದೆ. ಹಿರಿಯೂರು ದಾಟುವವರೆಗೂ ಸ್ಲೈಡನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಎಂಟು ದಿನಕ್ಕೆ ಉತ್ತರ ಬಂತು. ಮೊದಲ ದಿನವೇ ಇತ್ತು.

ಗೊತ್ತಿದ್ದರೆ ಏನಾಗುತ್ತಿತ್ತು? ಕೀಮೋ ಜೊತೆಗೇ ಆ ಸ್ವಿಚ್ಚಿಗೆ ಬೀಗ ಹಾಕುವ ಮಿಡೋಸ್ಟಾರಿನ್ ಅನ್ನುವ ಔಷಧಿ ಇದೆ. 2017ರಿಂದ ಅಮೆರಿಕದಲ್ಲಿ ಕೊಡುತ್ತಿದ್ದಾರೆ. ಅದು ದುಬಾರಿ, ನಮ್ಮಿಂದ ಆಗುತ್ತಿರಲಿಲ್ಲ, ಬಿಡಿ. ಆದರೆ ಇನ್ನೊಂದು ಇದೆ, ಸೊರಾಫೆನಿಬ್. ಮೂಲತಃ ಕಿಡ್ನಿ ಮತ್ತು ಲಿವರ್ ಕ್ಯಾನ್ಸರಿನ ಮಾತ್ರೆ. ಎಫ್‌ಎಲ್‌ಟಿ3 ತಪ್ಪು ಇದ್ದು ಕಸಿ ಆದ 83 ಜನರ ಮೇಲೆ ಜರ್ಮನಿ, ಆಸ್ಟ್ರಿಯಾದಲ್ಲಿ ಇದರ ಪ್ರಯೋಗ ನಡೆಯಿತು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ರೋಗ ಮರಳದೆ ಬದುಕಿದ್ದವರು ಸೊರಾಫೆನಿಬ್ ತೆಗೆದುಕೊಂಡವರಲ್ಲಿ ನೂರಕ್ಕೆ 85, ಔಷಧಿಯೇ ಇಲ್ಲದ ಬರೀ ಸಪ್ಪೆ ಮಾತ್ರೆ ತೆಗೆದುಕೊಂಡವರಲ್ಲಿ 53. ಈ ಸೊರಾಫೆನಿಬ್ ಬಗ್ಗೆ ನಮ್ಮ ದೇಶ ಹೆಮ್ಮೆ ಪಡುವ ಒಂದು ಕಥೆಯೂ ಇದೆ. ತಿಂಗಳಿಗೆ 2 ಲಕ್ಷ 80 ಸಾವಿರದ ಆಸುಪಾಸಿದ್ದ ಔಷಧಿ ಅದು. 2012ರಲ್ಲಿ ಭಾರತ ತನ್ನ ಮೊಟ್ಟಮೊದಲ ಕಡ್ಡಾಯ ಲೈಸೆನ್ಸ್, ಅಂದರೆ ಪೇಟೆಂಟ್ ಇದ್ದರೂ ಬೇರೆ ಕಂಪನಿ ಮಾಡಿ ಮಾರಬಹುದು ಅನ್ನುವ ಅನುಮತಿ, ಕೊಟ್ಟಿದ್ದು ಇದಕ್ಕೇ. ಹೈದರಾಬಾದಿನ ಕಂಪನಿಯೊಂದು ಅದನ್ನು ತಿಂಗಳಿಗೆ 8,880 ರೂಪಾಯಿಗೆ ಕೊಡುವ ಹಾಗಾಯಿತು.

ಅಂದರೆ ಔಷಧಿ ನಮ್ಮ ಕೈಗೆ ಎಟುಕುತ್ತಿತ್ತು. ಯಾರಿಗೆ ಕೊಡಬೇಕು ಅನ್ನುವ ಮಾಹಿತಿ ಮಾತ್ರ ಕೆಂಪು ಚೀಲಕ್ಕೆ ಹೋಗಿತ್ತು.

ತಮ್ಮ ಅದರ ಮುಂದಿನ ಶ್ರಾವಣ ನೋಡಲಿಲ್ಲ. ಮೊದಲೇ ಗೊತ್ತಿದ್ದರೆ ಉಳಿಯುತ್ತಿದ್ದ ಅಂತ ನಾನು ಹೇಳುವುದಿಲ್ಲ. ಔಷಧಿ ತೆಗೆದುಕೊಂಡ ನೂರರಲ್ಲಿ 15 ಜನಕ್ಕೂ ಅದು ಕೈಕೊಟ್ಟಿದೆ. ಪರ್ಸೆಂಟು ಒಬ್ಬ ಮನುಷ್ಯನ ಬಗ್ಗೆ ಭವಿಷ್ಯ ಹೇಳುವುದಿಲ್ಲ ಅಂತ 19 ವರ್ಷ ರಿಪೋರ್ಟ್ ಬರೆದವಳಿಗೆ ಚೆನ್ನಾಗಿ ಗೊತ್ತು. ಕಸಿ ಮಾಡುವ ಮುಂಚೆ ನಮಗೂ ಡಾಕ್ಟರಿಗೂ ಕಣ್ಣು ಕಟ್ಟಿತ್ತು ಅನ್ನುವುದಷ್ಟೇ ನನ್ನ ಸಂಕಟ. ಬಿಚ್ಚುವುದು ಕಷ್ಟವಿರಲಿಲ್ಲ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ.

ಜಿಲ್ಲೆಯ ಯಾವ ಲ್ಯಾಬಿನಲ್ಲೇ ಆಗಲಿ ಇಂಥ ಎಳೆಯ ಕಣ ಕಂಡರೆ ಆ ಟ್ಯೂಬನ್ನು ಎಸೆಯಬಾರದು ಅಂತ ಒಂದು ಸುತ್ತೋಲೆ ಕೊಡಿ. ಮನೆಯವರ ಒಪ್ಪಿಗೆ ಪಡೆದು, ಅದನ್ನು ಜಿಲ್ಲಾಸ್ಪತ್ರೆಯ ಒಂದು ಕೌಂಟರಿಗೆ ತಲುಪಿಸಲು ಹೇಳಿ. ಚಿಗಟೇರಿ ಜಿಲ್ಲಾಸ್ಪತ್ರೆ ಊರ ನಡುವೆಯೇ ಇದೆ. ಬಿಳಿಕಣ ಜಾಸ್ತಿ ಇರುವ ರೋಗಿಯ ಬರೀ ರಕ್ತದಲ್ಲೇ ಜೀನ್ ಪರೀಕ್ಷೆಗೆ ಬೇಕಾದಷ್ಟು ಕ್ಯಾನ್ಸರ್ ಕಣ ಸಿಗುತ್ತದೆ, ಮಜ್ಜೆಯವರೆಗೆ ಕಾಯಬೇಕಿಲ್ಲ. ಅಲ್ಲಿ ಡಿಎನ್‌ಎ ತೆಗೆದು ಫ್ರೀಜರಿನಲ್ಲಿ ಇಟ್ಟುಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಪರೀಕ್ಷೆ ಇವತ್ತು ಆಗದಿದ್ದರೆ ಬೇಡ, ಸಾಕ್ಷಿಯಾದರೂ ಉಳಿಯಲಿ.

ಒಂದು ಸಣ್ಣ ಲ್ಯಾಬ್ ಮಾತು, ಬರೆಯದಿದ್ದರೆ ಮನಸ್ಸು ತಡೆಯುವುದಿಲ್ಲ. ಜೀನ್ ಪರೀಕ್ಷೆಗೆ ನೇರಳೆ ಮುಚ್ಚಳದ ಟ್ಯೂಬೇ ಬೇಕು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ಕಳಿಸಿದರೆ ಪಿಸಿಆರ್, ಅಂದರೆ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ, ಅಡ್ಡಡ್ಡ ಹೋಗುತ್ತದೆ. ಕ್ರೋಮೋಸೋಮ್ ನೋಡಲು ಇದರ ಉಲ್ಟಾ, ಹಸಿರೇ ಬೇಕು, ಕಣ ಜೀವಂತ ತಲುಪಬೇಕು, ಫ್ರೀಜ್ ಮಾಡಿದರೆ ಕೆಟ್ಟಿತು. ಕಸಿಗಾಗಿ ರೋಗಿಯ ಎಚ್‌ಎಲ್‌ಎ (ದಾನಿ ಹೊಂದುತ್ತಾರಾ ಅಂತ ತಿಳಿಸುವ ಕಣದ ಗುರುತು) ಹೊಂದಿಕೆ ನೋಡುವಾಗ ರಕ್ತದ ತುಂಬ ಕ್ಯಾನ್ಸರ್ ಕಣವೇ ಇದ್ದರೆ ಕೆನ್ನೆಯ ಒಳಗಿನ ಹತ್ತಿಕಡ್ಡಿಯ ಮಾದರಿಯೇ ವಾಸಿ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಲ್ಯಾಬಿನ ಗೋಡೆಗೆ ಅಂಟಿಸಿದರೆ ಎಷ್ಟು ಮಾದರಿ ಉಳಿಯುತ್ತದೆ ಗೊತ್ತಾ?

ಇದಕ್ಕೆಲ್ಲ ಯಂತ್ರ ಎಲ್ಲಿ, ಜನ ಎಲ್ಲಿ ಅಂತ ಕೇಳಬೇಡಿ ಸ್ವಾಮಿ. ಕೋವಿಡ್ ಬಂದಾಗ ನೋಡಿದ್ದೇವೆ. ಪಿಸಿಆರ್ ಅನ್ನುವ ಪದವೇ ಕೇಳದಿದ್ದ ಜನ ಅದರ ಸಿಟಿ ವ್ಯಾಲ್ಯೂ ಬಗ್ಗೆ ಟೀ ಅಂಗಡಿಯಲ್ಲಿ ವಾದ ಮಾಡುತ್ತಿದ್ದರು. ಜಿಲ್ಲೆಗಳಲ್ಲಿ ಲ್ಯಾಬ್ ಎದ್ದವು. ಹಳ್ಳಿಹಳ್ಳಿಯಿಂದ ಗಂಟಲ ದ್ರವ ಐಸ್ ಡಬ್ಬಿಯಲ್ಲಿ ಸಂಜೆಯೊಳಗೆ ಬಂತು. ಟಿಬಿಗೆ ಇವತ್ತಿಗೂ ಕಫ ಹಾಗೇ ಬರುತ್ತದೆ, ಜೀನ್ ಯಂತ್ರದಲ್ಲೇ ನೋಡುತ್ತಾರೆ. ಎಫ್‌ಎಲ್‌ಟಿ3 ಪರೀಕ್ಷೆಯ ಮೂಲವೂ ಪಿಸಿಆರೇ. ದೊಡ್ಡ ಪ್ಯಾನೆಲ್ ಬೆಂಗಳೂರಿನಲ್ಲೇ ಆಗಲಿ. ಆದರೆ ಮಾದರಿ ಇಲ್ಲಿಂದ ಹೊರಡಲಿ, ರೋಗಿ ಬಸ್ ಹತ್ತುವ ಮುಂಚೆಯೇ. 260 ಕಿಲೋಮೀಟರ್ ಏನು ಮಹಾ.

ಎರಡನೆಯದು ದುಡ್ಡಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಅದರಿಂದ ಉಳಿದ ಜೀವಗಳನ್ನು ನಾನೇ ಕಂಡಿದ್ದೇನೆ. ನನ್ನ ಕೋರಿಕೆ ಇಷ್ಟು: ರಕ್ತ ಕ್ಯಾನ್ಸರ್ ಅಂತ ಗೊತ್ತಾದ ದಿನವೇ ಜೀನ್ ಪರೀಕ್ಷೆ ಮತ್ತು ಒಡಹುಟ್ಟಿದವರ ಎಚ್‌ಎಲ್‌ಎ ಪರೀಕ್ಷೆ, ಇವೆರಡರ ಖರ್ಚು ರೋಗಿಯ ಜೇಬಿಗೆ ಬಾರದ ಹಾಗೆ ಮಾಡಿ. ಕೀಮೋ ಪ್ಯಾಕೇಜಿನ ಜೊತೆ ತಾನಾಗೇ ಬರಲಿ. ಪ್ರತ್ಯೇಕ ಅರ್ಜಿ, ಪ್ರತ್ಯೇಕ ಸೀಲು ಅಂದರೆ ಆ ಹೊತ್ತಿಗೆ ಕೀಮೋ ಶುರುವಾಗಿರುತ್ತದೆ. ಟೆಸ್ಟಿಗೋ ಔಷಧಿಗೋ ಅನ್ನುವ ಲೆಕ್ಕ ಯಾವ ಭಾವನೂ ಹಾಕುವ ಹಾಗೆ ಆಗಬಾರದು. ಅವರದೇನೂ ತಪ್ಪಿರಲಿಲ್ಲ, ಪಾಪ. ಇವತ್ತಿಗೂ ಅವರು ಆ ಚೀಟಿಯ ವಿಷಯ ಎತ್ತಿದರೆ ಎದ್ದು ಹೋಗುತ್ತಾರೆ.

ಮೊದಲ ದಿನದ ಗುರುತು ಗೊತ್ತಿದ್ದರೆ ಆಮೇಲೂ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಕಸಿಗೆ ಮುಂಚೆ, ರೋಗ ಅಡಗಿದೆ ಅಂತ ಹೇಳಿಸಿಕೊಂಡಿದ್ದ 1,075 ಎಎಂಎಲ್ ರೋಗಿಗಳ ರಕ್ತವನ್ನು ಬಹಳ ಆಳವಾಗಿ ಹುಡುಕಿ ನೋಡಿದರು. 2023ರಲ್ಲಿ ಬಂದ ಅಧ್ಯಯನ. ಎನ್‌ಪಿಎಂ1 ಅಥವಾ ಎಫ್‌ಎಲ್‌ಟಿ3 ತಪ್ಪಿನ ಚೂರು ಇನ್ನೂ ಉಳಿದಿದ್ದವರಲ್ಲಿ, ಫಲಿತಾಂಶದ ಖಾತ್ರಿಗೆಂದು ಬೇರೆಯಾಗಿ ನೋಡಿದ ಗುಂಪಿನ ಲೆಕ್ಕದಂತೆ, ಮೂರು ವರ್ಷದೊಳಗೆ 68 ಪರ್ಸೆಂಟ್ ಜನಕ್ಕೆ ರೋಗ ಮರಳಿತು. ಉಳಿದಿಲ್ಲದವರಲ್ಲಿ 21. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇಬ್ಬರದ್ದೂ ಒಂದೇ ಥರ ಸ್ವಚ್ಛ. ಆದರೆ ಏನನ್ನು ಹುಡುಕಬೇಕು ಅಂತ ತಿಳಿಯಲು ಮೊದಲ ದಿನದ್ದು ಬೇಕು. ಮತ್ತೆ ಅಲ್ಲಿಗೇ ಬಂದೆ ನೋಡಿ.

ಮರಳಿ ಬಂದ ಮೇಲೂ ಗುರುತು ಮಾತಾಡುತ್ತದೆ. ಅರ್ಧ ಮಾತ್ರ ಹೊಂದುವ ಅಪ್ಪನದೋ ಮಗನದೋ ಕಾಂಡಕೋಶ ಹಾಕಿದಾಗ, ಕೆಲವು ಕ್ಯಾನ್ಸರ್ ಕಣಗಳು ದಾನಿಯ ಕಣಗಳಿಗೆ ಗುರುತು ಸಿಗುವ ಆ ಹೊಂದದ ಅರ್ಧವನ್ನೇ ಕಳಚಿಹಾಕಿ ತಲೆಮರೆಸಿಕೊಳ್ಳುತ್ತವೆ. ಮಿಲಾನಿನ ಡಾಕ್ಟರುಗಳು 2009ರಲ್ಲಿ ಇದನ್ನು ತೋರಿಸಿದರು. ಹಾಗೆ ಆದಾಗ ಅದೇ ದಾನಿಯ ಕಣ ಇನ್ನಷ್ಟು ಹಾಕಿ ಪ್ರಯೋಜನ ಕಮ್ಮಿ, ದಾನಿಯನ್ನೇ ಬದಲಿಸುವ ಯೋಚನೆ ಮಾಡಬೇಕಾಗುತ್ತದೆ. ರೋಗವೂ ಇಷ್ಟು ಜಾಣತನ ಮಾಡುತ್ತದೆ, ನಾವು ಟ್ಯೂಬ್ ಎಸೆಯುತ್ತೇವೆ.

ಈಗ ನನ್ನ ಭಯ. ಈ ಪರೀಕ್ಷೆಗಳು ಸರ್ಕಾರಿ ಕಡತದೊಳಗೆ ಬಂದ ಮೇಲೆ ಯಾರೋ ಒಬ್ಬ ಅಧಿಕಾರಿ, ಟಿಪಿ53 ಕೆಟ್ಟಿದೆ, ಇವರಿಗೆ ಕಸಿಗೆ ದುಡ್ಡು ದಂಡ ಅಂತ ಷರಾ ಬರೆದರೆ? ಅದಾಗಬಾರದು. ಗುರುತು ಇರುವುದು ಡಾಕ್ಟರು ಮತ್ತು ಮನೆಯವರು ಕೂತು ಮಾತಾಡಲು. ಅಂಥ ರೋಗಿಗಳಲ್ಲೂ ಕೆಲವರಿಗೆ ದೀರ್ಘಕಾಲ ಬದುಕುವ ದಾರಿ ಕಸಿಯೊಂದೇ. ಬೇಡ ಅನ್ನುವ ಹಕ್ಕು ಮನೆಯವರಿಗಿರಲಿ, ಕಚೇರಿಗಲ್ಲ. ಆದರೆ ಗದ್ದೆ ಮಾರುವ ಮುಂಚೆ ಅವರಿಗೆ ನಿಜ ತಿಳಿದಿರಬೇಕು. ಎಷ್ಟು ಆಸೆ ಇದೆ, ಎಷ್ಟಿಲ್ಲ ಅಂತ ಕನ್ನಡದಲ್ಲಿ, ಸಮಾಧಾನವಾಗಿ ಹೇಳುವ ಒಬ್ಬ ಆಪ್ತಸಲಹೆಗಾರರನ್ನು ಕೊಡಿ. ಹನ್ನೆರಡು ಪುಟದ ಇಂಗ್ಲಿಷ್ ರಿಪೋರ್ಟನ್ನು ಮಡಚಿ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, "ಇದರಾಗೆ ಏನೈತೆ ನೋಡ್ರಿ ಮೇಡಂ" ಅಂತ ನನ್ನ ಲ್ಯಾಬಿಗೆ ಬರುವ ಚನ್ನಗಿರಿ, ಜಗಳೂರು ಕಡೆಯವರಿಗೆ ನಾನು ಏನು ಹೇಳಲಿ? ಹೇಳುವ ಅಧಿಕಾರವೂ ನನಗಿಲ್ಲ.

ಇನ್ನೊಂದು. ನಾನು ಮೇಲೆ ಕೊಟ್ಟ ಅಂಕಿಗಳೆಲ್ಲ ಜರ್ಮನಿಯವು, ಅಮೆರಿಕದವು. ಅಲ್ಲಿಯ ಸೋಂಕು ಬೇರೆ, ಆಸ್ಪತ್ರೆ ಬೇರೆ, ರೋಗಿ ಮನೆಗೆ ಹೋದ ಮೇಲೆ ಸಿಗುವ ಆರೈಕೆ ಬೇರೆ. ನಮ್ಮಲ್ಲಿ ಕಸಿ ಹೊಸದೇನಲ್ಲ. ಮುಂಬೈನ ಟಾಟಾ ಆಸ್ಪತ್ರೆಯಲ್ಲಿ 1983ರಲ್ಲೇ ಆಗಿದೆ. ನಮ್ಮ ರಾಜ್ಯದಲ್ಲಿ ಸರ್ಕಾರದ ದುಡ್ಡಲ್ಲಿ ಕಸಿ ಮಾಡಿಸಿಕೊಂಡವರ ಗುರುತು ಏನಿತ್ತು, ಎರಡು ವರ್ಷದ ಮೇಲೆ ಹೇಗಿದ್ದಾರೆ ಅಂತ ಹೆಸರಿಲ್ಲದೆ ಒಂದು ದಾಖಲೆ ಇಡಿ, ವರ್ಷವರ್ಷ ಪ್ರಕಟಿಸಿ. ಆಗ ಇಲ್ಲಿನವರಿಗೆ ಇಲ್ಲಿನದೇ ಲೆಕ್ಕ ಹೇಳಬಹುದು.

ನನ್ನ ಮಟ್ಟಿಗೆ ನಾನು ಶುರು ಮಾಡಿದ್ದೇನೆ. ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ, ರಿಯೇಜೆಂಟುಗಳ ಪಕ್ಕ, ಒಂದು ಹಳೆಯ ಸ್ಟೀಲ್ ಡಬ್ಬಿ ಇದೆ. ಎಳೆಯ ಕಣ ಕಂಡ ಟ್ಯೂಬನ್ನು ಮನೆಯವರನ್ನು ಕೇಳಿ ಅದರಲ್ಲಿಡುತ್ತೇನೆ. ಕೆಲವರು ಬೆಂಗಳೂರಿಗೆ ಹೋಗುವಾಗ ಐಸ್ ಹಾಕಿಸಿಕೊಂಡು ಒಯ್ಯುತ್ತಾರೆ. ಕೆಲವರು ಗಾಬರಿಯಲ್ಲಿ ಮರೆತು ಹೊರಟುಬಿಡುತ್ತಾರೆ.

ಈ ಪತ್ರ ಬರೆಯುವಾಗ ಡಬ್ಬಿಯಲ್ಲಿ ಎರಡು ಟ್ಯೂಬ್ ಇವೆ. ಒಂದಕ್ಕೆ ಇವತ್ತು ಮೂರನೇ ದಿನ. ಫ್ರಿಜ್ಜಿನಲ್ಲಿ ಇನ್ನು ಮೂರ್ನಾಲ್ಕು ದಿನ ತಡೆದೀತು. ಅದನ್ನು ಎಲ್ಲಿಗೆ ಕಳಿಸಲಿ, ಹೇಳಿ.

ಇತಿ,
ದಾವಣಗೆರೆಯ ಒಬ್ಬ ಲ್ಯಾಬ್ ಟೆಕ್ನಿಷಿಯನ್